ಅತ್ಯಾನ ಗಡಿಯಾರಕ್ಕೆ ಹಳೆಯ ಸೆಲ್ಲು

ಇಂಡಿ ಊರಿನ ಆ ಓಣಿಯಲ್ಲಿ ಯಾರಿಗಾದರೂ ಸೆಲ್ಲು ಕೊಳ್ಳಬೇಕಾದರೆ ಮೊದಲು ಗುರುರಾಜನ ಮನೆಯ ಕಟ್ಟೆ ಹತ್ತಬೇಕು, ಆಮೇಲೆ ಅಂಗಡಿಯದು. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ; ಗುರುರಾಜನೇ ಅದನ್ನು ರೂಢಿಗೆ ತಂದಿದ್ದ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮನುಷ್ಯ. ಹುಡುಗರಿಗೆ ಹೇಳಿ ಉಳಿದ ಪಾಠವನ್ನು ಸಂಜೆ ಓಣಿಗೆ ಹಂಚುತ್ತಿದ್ದ. ಪಕ್ಕದ ಮನೆಯ ಇಂದ್ರಾಬಾಯಿ ಎಮ್ಮೆ ಕಟ್ಟಿಕೊಂಡು, ನಿಂಬೆ ತೋಟ ಮಾಡಿಕೊಂಡು ಇರುವವಳು. ತೋಟಕ್ಕೆ ನೀರು ಬಿಡಲು ಕತ್ತಲಲ್ಲಿ ಹೋಗುವ ಮಗನಿಗೆ ತಲೆಗೆ ಕಟ್ಟುವ ಬ್ಯಾಟರಿ ದೀಪ ತಂದಿದ್ದಳು. ಅದಕ್ಕೆ ಎಂಥ ಸೆಲ್ಲು ಹಾಕಬೇಕು ಎಂದು ಕೇಳಿದ್ದೇ ತಡ, ಗುರುರಾಜ ಕನ್ನಡಕ ಒರೆಸಿಕೊಂಡು ಶುರು ಮಾಡಿದ.

"ಹೊಲಕ್ಕ ಒಯ್ಯೋ ಬ್ಯಾಟರಿಗೆ ಅಲ್ಕಲೈನ್ ತಗೋರಿ. ಸಾದಾ ಸೆಲ್ಲು ಗಡಿಯಾರಕ್ಕ, ರಿಮೋಟಿಗೆ ಸಾಕು. ಮ್ಯಾಲ ತಾರೀಖು ಹೊಡದಿರ್ತದ, ಅದನ್ನ ನೋಡದ ರೊಕ್ಕಾ ಕೊಡಬ್ಯಾಡ್ರಿ. ಹಳೇದಕ್ಕ ಹೊಸಾದು ಜೋಡಿ ಮಾಡಬ್ಯಾಡ್ರಿ, ಎರಡೂ ಹಾಳಾಗ್ತಾವ. ಬಹಳ ದಿವಸ ಬ್ಯಾಟರಿ ಹಚ್ಚೋದಿಲ್ಲ ಅಂದ್ರ ಸೆಲ್ಲು ತಗದಿಡ್ರಿ, ಇಲ್ಲಂದ್ರ ಸೋರಿ ಒಳಗಿನ ಪಟ್ಟಿ ತಿಂದುಬಿಡ್ತದ."

"ಆತ್ರಿ ಸರ್, ಆತ್ರಿ," ಎಂದು ಇಂದ್ರಾಬಾಯಿ ಎದ್ದು ನಿಂತ ಮೇಲೂ ಪಾಠ ಇನ್ನಷ್ಟು ನಡೆದಿತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಅದನ್ನು ಒಪ್ಪಲೇಬೇಕು. ಸೆಲ್ಲಿನ ವಿಷಯದಲ್ಲಿ ಗುರುರಾಜ ಯಾರಿಗೂ ತಪ್ಪು ಹೇಳಿದವನಲ್ಲ.

ಅವನ ಸ್ವಂತ ಮನೆಯಲ್ಲಿ ಮಾತ್ರ ಕಾನೂನು ಬೇರೆ. ಹೊಸ ಸೆಲ್ಲು ಮೊದಲು ಕೈಬ್ಯಾಟರಿಗೆ ಹೋಗಬೇಕು. ಅಲ್ಲಿ ಬೆಳಕು ಕೆಂಪಗಾದರೆ ರೇಡಿಯೋಕ್ಕೆ. ರೇಡಿಯೋ ಗೊರಗೊರ ಎನ್ನತೊಡಗಿದರೆ ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಗೋಡೆ ಗಡಿಯಾರಕ್ಕೆ. ಎಲ್ಲಕ್ಕೂ ಪೆನ್ಸಿಲ್ ಸೆಲ್ಲೇ ಹಿಡಿಯಬೇಕೆಂದು ಸಾಮಾನುಗಳನ್ನು ಹಾಗೇ ಹುಡುಕಿ ಹುಡುಕಿ ಕೊಂಡಿದ್ದ. ಗಡಿಯಾರಕ್ಕೆ ಬೇಕಾದದ್ದು ಚಿಟಿಕೆಯಷ್ಟು ಕರೆಂಟು, ಅದಕ್ಕೆ ಹೊಸ ಸೆಲ್ಲು ಹಾಕುವವನು ತಿಳಿಗೇಡಿ ಎಂಬುದು ಅವನ ವಾದ. ಇದನ್ನು ಜಿಪುಣತನ ಎಂದರೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. "ನಿಮ್ಮ ಕೈಯಾಗ ಸಿಕ್ಕ ಸೆಲ್ಲಿಗೆ ಸತ್ತರೂ ನೌಕರಿ ತಪ್ಪೋದಿಲ್ಲ," ಎಂದು ಹೆಂಡತಿ ಸುಮೇಧಾ ನಗುತ್ತಿದ್ದಳು. ಅವನೂ ನಗುತ್ತಿದ್ದ, ಕಾನೂನು ಮಾತ್ರ ಬದಲಿಸುತ್ತಿರಲಿಲ್ಲ.

ಆ ಗೋಡೆ ಗಡಿಯಾರ ಇದ್ದದ್ದು ಅಡುಗೆಮನೆಯಲ್ಲಿ, ಗೋದೂಬಾಯಿಯ ಕಣ್ಣೆದುರಿಗೆ. ಗೋದೂಬಾಯಿ ಗುರುರಾಜನ ತಂದೆಯ ಅಕ್ಕ. ಅವನಿಗೆ ಅತ್ಯಾ, ಆದ್ದರಿಂದ ಇಡೀ ಓಣಿಗೆ ಅತ್ಯಾ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿಯಿಲ್ಲದ ಗುರುರಾಜನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವನು ಕೂಸಿದ್ದಾಗ ಜ್ವರ ಬಂದು ಡಾಕ್ಟರು ಕೈಚೆಲ್ಲಿದ್ದರು. ಆಗ ಗೋದೂಬಾಯಿ ದೇವರ ಮುಂದೆ ನಿಂತು, ಇದೊಂದು ಉಳಿದರೆ ಜೀವ ಇರುವ ತನಕ ಏಕಾದಶಿಗೆ ಹನಿ ನೀರೂ ಮುಟ್ಟುವುದಿಲ್ಲ, ಒಂದೇ ಒಂದು ಪಾರಣೆಯ ಹೊತ್ತೂ ತಪ್ಪಿಸುವುದಿಲ್ಲ ಎಂದುಬಿಟ್ಟಳು. ಕೂಸು ಉಳಿಯಿತು. ಕೂಸಿಗೆ ತಲೆ ಬೆಳ್ಳಗಾದರೂ ಅವಳ ಮಾತು ನಡೆದೇ ಇತ್ತು. ಸಕ್ಕರೆ ಕಾಯಿಲೆ ಬಂತು, ಕಾಲಿಗೆ ಬಾವು ಬಂತು, ಏಕಾದಶಿ ನಿಲ್ಲಲಿಲ್ಲ.

ಏಕಾದಶಿ ಉಪವಾಸ ಮಾಡಿದವರು ಮರುದಿನ ದ್ವಾದಶಿ ತಿಥಿ ಮುಗಿಯುವುದರೊಳಗೆ ಉಣ್ಣಬೇಕು. ಅದೇ ಪಾರಣೆ. ಉಪವಾಸ ಎಷ್ಟು ಕಡ್ಡಾಯವೋ ಆ ಊಟವೂ ಅಷ್ಟೇ ಕಡ್ಡಾಯ. ಹೊತ್ತು ಮೀರಿದರೆ ಹಿಂದಿನ ದಿನ ಹಸಿದದ್ದೂ ನೀರಿಗೆ ಹೋದ ಹಾಗೆ. ಕೆಲವು ದ್ವಾದಶಿ ಬೆಳಗಾಗುವಷ್ಟರಲ್ಲಿ ಮುಗಿಯಲು ಬಂದಿರುತ್ತದೆ. ಅಂಥ ದಿನ ಗೋದೂಬಾಯಿ ಚುಮುಚುಮು ನಸುಕಿನಲ್ಲೇ ಮಿಂದು, ಮಡಿಯುಟ್ಟು ಒಲೆಯ ಮುಂದೆ ಕೂಡುವಳು. ಮಡಿಯಲ್ಲಿದ್ದಾಗ ಮೊಬೈಲು ಮುಟ್ಟುವಂತಿಲ್ಲ, ಅದು ಒಳಗೆ ಬರುವಂತೆಯೂ ಇಲ್ಲ. ಹೊತ್ತು ತಿಳಿಯಲು ಅವಳಿಗಿದ್ದದ್ದು ಎರಡೇ ದಾರಿ. ಒಂದು ಗೋಡೆಯ ಗಡಿಯಾರ. ಇನ್ನೊಂದು ಓಣಿಯ ಮಠದ ಜಾಗಟೆ. ತಿಥಿ ಮುಗಿಯುವುದಕ್ಕೆ ಸ್ವಲ್ಪ ಮೊದಲು ಮಠದ ಅರ್ಚಕ ಜಾಗಟೆ ಬಾರಿಸುತ್ತಿದ್ದ, ಸುತ್ತಲಿನ ಮನೆಗಳ ಮುದುಕಿಯರು ಬೇಗ ಊಟಕ್ಕೆ ಎಲೆ ಹಾಕಿಕೊಳ್ಳಲೆಂದು. ಆಗ ಅರ್ಚಕನಾಗಿದ್ದವನು ಶ್ರೀವಲ್ಲಭ, ಅಗರಖೇಡದ ಕಡೆಯಿಂದ ಬಂದ ತರುಣ. ಮೆತ್ತನೆಯ ಮಾತು, ತಗ್ಗಿದ ತಲೆ.

ಚಳಿಗಾಲದ ಆ ಏಕಾದಶಿಗೆ ಸುಮೇಧಾ ಮನೆಯಲ್ಲಿರಲಿಲ್ಲ. ತಂಗಿಯ ಬಾಣಂತನಕ್ಕೆಂದು ಬಸವನ ಬಾಗೇವಾಡಿಗೆ ಹೋಗಿದ್ದಳು. ಮನೆಯಲ್ಲಿ ಅತ್ಯಾ ಮತ್ತು ಸೋದರಳಿಯ ಇಬ್ಬರೇ. ಸಂಜೆ ಗುರುರಾಜ ಅಡುಗೆಮನೆಗೆ ಯಾತಕ್ಕೋ ಹೋದವನು ಗಡಿಯಾರ ನೋಡಿ ನಿಂತ. ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಬಂದು ನಡುಗುತ್ತಿತ್ತು. ಮೇಲೆ ಹತ್ತಲು ಹೋಗಿ ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು, ಕಡೆಗೊಮ್ಮೆ ದಾಟಿ ಮುಂದೆ ಹೋಗುತ್ತಿತ್ತು. ಸೆಲ್ಲಿನ ಕತೆ ಮುಗಿಯಿತು ಎಂದು ಅದರರ್ಥ. ಇಂಥದನ್ನು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಹೊಸ ಸೆಲ್ಲಿನ ಪ್ಯಾಕು ಕಪಾಟಿನಲ್ಲೇ ಇತ್ತು, ಇನ್ನೂ ಒಡೆದಿರಲಿಲ್ಲ. ಆದರೆ ಅದು ಕೈಬ್ಯಾಟರಿಯ ಪಾಲಿನದು. ಹೊಚ್ಚ ಹೊಸ ಸೆಲ್ಲನ್ನು ನೇರ ಗಡಿಯಾರಕ್ಕೆ ಹಾಕಲು ಅವನ ಕೈ ಬರಲಿಲ್ಲ. ರೇಡಿಯೋದ ಸೆಲ್ಲುಗಳು ಇಷ್ಟರಲ್ಲೇ ಸೋಲುವ ಹಾಗಿದ್ದವು, ನಾಳೆ ಅದರೊಳಗಿನದೊಂದನ್ನು ಹಾಕಿದರಾಯಿತು ಎಂದುಕೊಂಡ. ಮುಳ್ಳು ಹೇಗೂ ನಡೆಯುತ್ತಿದೆಯಲ್ಲ. ಅತ್ಯಾ ಪಡಸಾಲೆಯಲ್ಲಿ ಒಣಗಿದ ತುಟಿಯಿಂದ ನಾಮ ಹೇಳುತ್ತ ಕೂತಿದ್ದಳು. ಅವಳ ಎದುರಿಗೇ ಹಾದು ಅವನು ಮಲಗಲು ಹೋದ.

ಮರುದಿನ ಭೀಮಾ ಹೊಳೆಯ ಕಡೆಯಿಂದ ಮಂಜು ಬಂದು ಓಣಿಯನ್ನೇ ಮುಚ್ಚಿತ್ತು. ಕಿಟಕಿಯಲ್ಲಿ ಬೂದಿ ಬಣ್ಣದ ಬೆಳಕು ಬಿಟ್ಟರೆ ಏನೂ ಇರಲಿಲ್ಲ. ತಿಥಿ ಏಳೂವರೆಗೆ ಮುಗಿಯುವುದಿತ್ತು. ಗುರುರಾಜ ಸ್ನಾನ ಮಾಡಿ ಮಡಿಯುಟ್ಟು ಪೂಜೆ ಮುಗಿಸಿದ. ಅವನ ಮೊಬೈಲು ಹೊರಗಿನ ಕೋಣೆಯಲ್ಲಿ ಚಾರ್ಜಿಗಿತ್ತು. ಗೋದೂಬಾಯಿ ಅಗಸೆ ಸೊಪ್ಪಿನ ಪಲ್ಯ ಇಳಿಸಿ, ನೆಲ್ಲಿಕಾಯಿ ಅರೆಯುತ್ತಿದ್ದಳು. ಆಗ ಮಠದ ಜಾಗಟೆ ಕೇಳಿತು.

ಇಬ್ಬರೂ ಒಟ್ಟಿಗೇ ಗಡಿಯಾರ ನೋಡಿದರು. ಅದು ಏಳೂ ಆಗಿಲ್ಲ ಎನ್ನುತ್ತಿತ್ತು.

"ಇದೇನಪಾ, ಇಷ್ಟ ಲಗೂನ? ಶ್ರೀವಲ್ಲಭ ನಿದ್ದಿಗಣ್ಣಾಗ ಹೊಡೀಲಿಕತ್ತಾನೇನು?"

ಗುರುರಾಜನಿಗೂ ನಗೆ ಬಂತು. "ಮಠದ ಗಡಿಯಾರಕ್ಕ ಎಂಥಾ ಸೆಲ್ಲು ಹಾಕ್ಯಾರೋ ಏನೋ. ನೀ ಗಡಿಬಿಡಿ ಮಾಡಬ್ಯಾಡ ಅತ್ಯಾ. ನಮ್ಮ ಗಡಿಯಾರ ಸರಿ ಅದ, ಸೆಲ್ಲು ಹಾಕಿದಾಂವ ನಾನ."

"ನೀ ಹಾಕೀ ಅಂದ್ರ ಮುಗೀತು," ಎಂದಳು ಅತ್ಯಾ.

ಹಿಂದಿನ ಸಂಜೆ ನಡುಗುತ್ತಿದ್ದ ಮುಳ್ಳು ಆ ಹೊತ್ತಿನಲ್ಲಿ ಅವನಿಗೆ ನೆನಪಾಗಲಿಲ್ಲವೇ? ನೆನಪಾಗಿತ್ತು. ಒಂದು ಕ್ಷಣ, ಹಣೆಯ ಮೇಲೆ ನೊಣ ಕೂತು ಎದ್ದ ಹಾಗೆ. ಅದನ್ನು ಅವನು ಓಡಿಸಿಬಿಟ್ಟ. ಇಬ್ಬರೂ ನಿಧಾನವಾಗಿ ತೀರ್ಥ ತೆಗೆದುಕೊಂಡು ಎಲೆಯ ಮುಂದೆ ಕೂತರು. ಹಿಂದಿನ ದಿನ ಇಡೀ ನೀರಿಲ್ಲದೆ ಇದ್ದ ಮುದುಕಿ ಹೆಸರುಬೇಳೆ ಪಾಯಸವನ್ನು ಸಣ್ಣ ಸಣ್ಣ ಗುಟುಕು ಮಾಡಿ ಕುಡಿದು, "ಈ ಸಲಾನೂ ದೇವರು ನಡಸಿಕೊಟ್ಟ," ಎಂದಳು.

ಊಟ ಮುಗಿಸಿ ಗುರುರಾಜ ಹೊರಗೆ ಬಂದು ಮೊಬೈಲು ತೆಗೆದ. ಎಂಟು ದಾಟಿತ್ತು. ಮೊಬೈಲೇ ಕೆಟ್ಟಿರಬೇಕು ಎಂದು ಟೀವಿ ಹಚ್ಚಿ ನೋಡಿದ. ಟೀವಿಯಲ್ಲೂ ಎಂಟು ದಾಟಿತ್ತು. ಒಳಗೆ ಹೋದರೆ ಗಡಿಯಾರದ ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಕುಂಟುತ್ತಿತ್ತು. ಜಾಗಟೆ ಸರಿಯಾದ ಹೊತ್ತಿಗೇ ಹೊಡೆದಿತ್ತು. ಅವರು ಎಲೆಯ ಮುಂದೆ ಕೂಡುವ ಹೊತ್ತಿಗೆ ದ್ವಾದಶಿ ಮುಗಿದುಹೋಗಿತ್ತು.

ಗೋದೂಬಾಯಿ ಪಡಸಾಲೆಯಲ್ಲಿ ಸೆರಗು ಹೊದ್ದು ಮಲಗಿದ್ದಳು. ಸಮಾಧಾನದ ಮುಖ. ಗುರುರಾಜ ಸಪ್ಪಳಾಗದಂತೆ ಕಪಾಟು ತೆಗೆದ, ಹೊಸ ಪ್ಯಾಕು ಒಡೆದ, ಸ್ಟೂಲು ಹತ್ತಿ ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿದ. ಮುಳ್ಳು ತಿರುಗಿಸಿ ಹೊತ್ತು ಸರಿ ಮಾಡಿದ. ಹಳೆಯದನ್ನು ಜೇಬಿಗೆ ಹಾಕಿಕೊಂಡು, ಕಾಲೇಜಿಗೆ ಹೋಗುವ ದಾರಿಯಲ್ಲಿ ತಿಪ್ಪೆಗೆ ಎಸೆದ. ಐವತ್ತು ದಾಟಿದ ಗಂಡಸು ಬೆಲ್ಲ ಕದ್ದ ಹುಡುಗನ ಹಾಗೆ ಅತ್ತಿತ್ತ ನೋಡಿ ಎಸೆದ.

ಹೇಳಿದರೆ ಅತ್ಯಾ ಇವತ್ತೂ ನೀರು ಬಿಟ್ಟು ಕೂಡುತ್ತಾಳೆ, ಸಕ್ಕರೆ ಕಾಯಿಲೆಯ ಮೈ ತಡೆಯುವುದಿಲ್ಲ, ಅದಕ್ಕೇ ಹೇಳಬಾರದು ಎಂದು ಅವನು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ. ಕಾರಣ ಸುಳ್ಳಲ್ಲ. ಆದರೆ ಅದು ಹೊಳೆದದ್ದು ಆಮೇಲೆ. ಸ್ಟೂಲಿನ ಮೇಲೆ ನಿಂತಾಗ ಅವನ ತಲೆಯಲ್ಲಿ ಇದ್ದದ್ದು ಒಂದೇ: ಅತ್ಯಾ ಏಳಬಾರದು, ನೋಡಬಾರದು.

ಅಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ನುಂಗಿಕೊಂಡು ಇದ್ದುಬಿಡುತ್ತಿದ್ದನೇನೋ. ಆ ಸಂಜೆ ಮಠದಲ್ಲಿ ಪುರಾಣವಿತ್ತು. ಅತ್ಯಾನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟ. ಅಂಗಳದಲ್ಲಿ ಹತ್ತಾರು ಹೆಂಗಸರು ಸೇರಿದ್ದರು. ಶ್ರೀವಲ್ಲಭ ಜಮಖಾನೆ ಹಾಸುತ್ತಿದ್ದ. ಗೋದೂಬಾಯಿ ಕಂಬಕ್ಕೆ ಆತು ನಿಂತವಳೇ ಶುರು ಮಾಡಿದಳು.

"ಏನಪಾ ಶ್ರೀವಲ್ಲಭ, ಯಾವ ಊರ ಹೊತ್ತಿಗೆ ಜಾಗಟಿ ಹೊಡದೀ ಇವತ್ತು? ಏಳು ಹೊಡದಿದ್ದಿಲ್ಲ ಇನ್ನ. ನಮ್ಮ ಮನ್ಯಾಗ ನೆಟ್ಟಗಿನ ಗಡಿಯಾರ ಇತ್ತು ಅಂತ ಉಳಕೊಂಡೆ, ಇಲ್ಲಂದ್ರ ಅರ್ಧಮರ್ಧ ಬೆಂದದ್ದನ್ನ ನುಂಗಬೇಕಾಗಿತ್ತು. ನಿನ್ನ ನಂಬಿ ಇಷ್ಟ ಮಂದಿ ಉಪವಾಸ ಮಾಡ್ತಾರ. ಆ ಎಚ್ಚರ ಬ್ಯಾಡ?"

ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಿಬ್ಬರು ಕಿಸಕ್ಕೆಂದರು. ಅವರಲ್ಲಿ ಹಲವರು ಆ ಜಾಗಟೆ ಕೇಳಿಯೇ ಉಂಡವರು, ಮೊಬೈಲು ನೋಡಿಯೂ ಇದ್ದವರು. ಆದರೂ ಗೋದೂಬಾಯಿಗೆ ಎದುರು ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಶ್ರೀವಲ್ಲಭ ಜಮಖಾನೆಯ ತುದಿ ಹಿಡಿದುಕೊಂಡೇ ತಲೆ ಎತ್ತಿದ. ಅತ್ಯಾನನ್ನು ನೋಡಿದ, ಅವಳ ಹಿಂದೆ ನಿಂತಿದ್ದ ಗುರುರಾಜನನ್ನು ನೋಡಿದ. ಒಂದು ಗಳಿಗೆ ಅಷ್ಟೇ. ಎಲ್ಲ ಗೊತ್ತಾದ ಕಣ್ಣು ಅದು.

"ತಪ್ಪಾತ್ರಿ ಅತ್ಯಾ. ಇನ್ನ ಮುಂದ ನೋಡಿ ಹೊಡೀತೇನ್ರಿ," ಎಂದ.

"ನಮ್ಮ ಗುರೂನ್ನ ಕೇಳು. ಎಂಥಾ ಸೆಲ್ಲು ಹಾಕಬೇಕು ಅಂತ ಹೇಳ್ತಾನ. ಊರಿಗೆಲ್ಲಾ ಹೇಳ್ತಾನ, ನಿನಗ ಹೇಳೋದಿಲ್ಲಂತಾನ?"

ಗುರುರಾಜ ಬಾಯಿ ಬಿಡಬೇಕಾದ ಹೊತ್ತು ಅದೇ ಆಗಿತ್ತು. ಅವನು ತನ್ನ ಚಪ್ಪಲಿಯ ಪಟ್ಟಿಯನ್ನು ಮೊದಲ ಸಲ ಕಂಡವನಂತೆ ನೋಡುತ್ತ ನಿಂತ. "ಬರ್ತೇನಿ ಅತ್ಯಾ, ಪೇಪರ್ ತಿದ್ದೋದದ," ಎಂದು ಗೊಣಗಿ ಸ್ಕೂಟಿ ಹತ್ತಿದ. ತಿದ್ದುವ ಪೇಪರು ಯಾವುದೂ ಇರಲಿಲ್ಲ.

ಆ ಮೇಲಿನ ದಿನಗಳಲ್ಲಿ ಅವನಿಗೆ ಅನ್ನ ರುಚಿಸಲಿಲ್ಲ. ಪಾಠ ಮಾಡುತ್ತ ಮಾಡುತ್ತ ಮಾತು ಮರೆಯುತ್ತಿದ್ದ. ಕಟ್ಟೆಗೆ ಬಂದವರು ಸೆಲ್ಲಿನ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದ. ಅತ್ಯಾ ಮಾತ್ರ ಬಂದವರಿಗೆಲ್ಲ ಗಡಿಯಾರ ತೋರಿಸಿ, "ನಮ್ಮ ಗುರೂ ಹಾಕಿದ ಸೆಲ್ಲು. ಮಠದ್ದು ತಪ್ಪಬಹುದು, ಇದು ತಪ್ಪೂದಿಲ್ಲ," ಎನ್ನುತ್ತಿದ್ದಳು. ಅವಳು ಹೊಗಳಿದಷ್ಟೂ ಅವನು ಕುಗ್ಗುತ್ತಿದ್ದ. ಮನೆಯಲ್ಲಿ ಅವಳ ಕಣ್ಣು ತಪ್ಪಿಸಿ ಓಡಾಡುವುದನ್ನು ಕಲಿತ.

ಒಂದು ಮಧ್ಯಾಹ್ನ ಕಾಲೇಜು ಬಿಟ್ಟು ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ಫಿರೋಜನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಶ್ರೀವಲ್ಲಭ ನಿಂತದ್ದು ಕಂಡಿತು. ದಾಟಿ ಹೋಗಿಬಿಡೋಣ ಎನ್ನುವಷ್ಟರಲ್ಲಿ ಫಿರೋಜ ಕೂಗಿದ.

"ಬರ್ರಿ ಸರ್, ಛಲೋ ಟೈಮಿಗೆ ಬಂದ್ರಿ. ಆಚಾರರಿಗೆ ಮಠದ ಗಡಿಯಾರಕ್ಕ ಸೆಲ್ಲ ಬೇಕಂತ. ಯಾವುದು ಕೊಡ್ಲಿ, ನೀವ ಹೇಳ್ರಿ."

ಗಾಜಿನ ಹಲಗೆಯ ಮೇಲೆ ಎರಡು ಮೂರು ನಮೂನೆಯ ಸೆಲ್ಲುಗಳನ್ನು ಹರವಿದ್ದ. ಗುರುರಾಜ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಪಾಠ ಶುರು ಮಾಡದೆ, ಒಂದನ್ನು ಬೆರಳಿನಿಂದ ಮುಂದೆ ನೂಕಿದ.

"ಸಾದಾದ ಸಾಕು," ಎಂದ ಕಡೆಗೆ. "ತಾರೀಖು ನೋಡಿ ಹೊಸಾದು ಕೊಡು."

"ಮುಗೀತಲ ಆಚಾರ. ಸರ್ ಆರಿಸಿದ ಸೆಲ್ಲ ಅಂದ್ರ ಇನ್ನ ನಿಮ್ಮ ಜಾಗಟಿ ತಪ್ಪಂಗಿಲ್ಲ," ಎಂದು ಫಿರೋಜ ನಕ್ಕ. ಸುದ್ದಿ ಬಸ್ ಸ್ಟ್ಯಾಂಡಿನ ತನಕ ಬಂದಿತ್ತು. ಶ್ರೀವಲ್ಲಭನೂ ನಕ್ಕು ಸೆಲ್ಲನ್ನು ಕೈಚೀಲಕ್ಕೆ ಹಾಕಿಕೊಂಡ.

ಹೊರಗೆ ಬಂದು ಸಿಂದಗಿ ಬಸ್ಸು ಹೋಗುವ ತನಕ ಇಬ್ಬರೂ ರಸ್ತೆಯ ಬದಿಗೆ ನಿಂತರು. ಧೂಳು ಇಳಿದ ಮೇಲೆ ಗುರುರಾಜ ಕೇಳಿದ.

"ಮಠದ ಗಡಿಯಾರ ಸರಿ ಇತ್ತಲ್ಲ?"

"ಸರಿನ ಅದರಿ ಸರ್. ಅವತ್ತ ಮೊಬೈಲೂ ನೋಡೇ ಹೊಡದಿದ್ದೆ. ಆದರೂ ಮಠದ ಹಿರಿಯರು ಸೆಲ್ಲು ಬದಲಿ ಮಾಡು ಅಂದ್ರು, ಅದಕ್ಕ ಬಂದೆ."

"ಮತ್ತ ಅವತ್ತ ಸಂಜೀಕ ಯಾಕ ಸುಮ್ಮನಾದ್ರಿ?"

ಶ್ರೀವಲ್ಲಭ ಮುಜುಗರಪಟ್ಟುಕೊಂಡ. "ನಿಮ್ಮ ಪಾರಣಿ ತಪ್ಯದ ಅಂತ ನಾಲ್ಕು ಮಂದಿ ಮುಂದ ಅತ್ಯಾಗ ಹೆಂಗ ಹೇಳೋದ್ರಿ? ಹಿರಿಯ ಜೀವ. ನೀವು ಅಲ್ಲೇ ಇದ್ರಿ. ಮನೀಗೆ ಹೋದ ಮ್ಯಾಲ ನೀವ ತಿಳಿಸಿ ಹೇಳ್ತೀರಿ ಅಂತ ಅನ್ಕೊಂಡೆ."

ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಗುರುರಾಜನಿಗೆ ಎಷ್ಟೋ ಹಗುರಾಗುತ್ತಿತ್ತು.

"ಮುಂದಿನ ದ್ವಾದಶಿಯಿಂದ ಜಾಗಟಿ ಬ್ಯಾಡ ಅಂದಾರ್ರಿ," ಎಂದ ಶ್ರೀವಲ್ಲಭ ಹೊರಡುತ್ತ. "ಮಂದಿ ನಗಲಿಕತ್ತಾರ, ಮಠಕ್ಕ ಕೆಟ್ಟ ಹೆಸರು ಬರ್ತದ ಅಂತ. ನನಗೇನಿಲ್ಲ ಬಿಡ್ರಿ. ಕಣ್ಣು ಕಾಣದ ಕೆಲವು ಮಂದಿಗೆ ಅನುಕೂಲಿತ್ತು, ಅಷ್ಟ."

ಗುರುರಾಜ ಮನೆಗೆ ಬಂದಾಗ ಗೋದೂಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಹೂಬತ್ತಿ ಹೊಸೆಯುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ನೇರ ಬಂದು ಅವಳೆದುರು ನೆಲಕ್ಕೆ ಕೂತ. ಕೂತ ರೀತಿ ನೋಡಿಯೇ ಅವಳ ಕೈ ನಿಂತಿತು. ಬಾಗೇವಾಡಿಯಲ್ಲಿ ಏನಾದರೂ ಆಯಿತೇ ಎಂದು ಅವಳಿಗೆ ಗಾಬರಿ.

"ಅತ್ಯಾ, ಅವತ್ತ ನಮ್ಮ ಗಡಿಯಾರ ಹಿಂದ ಬಿದ್ದಿತ್ತು. ಶ್ರೀವಲ್ಲಭಂದು ತಪ್ಪಿಲ್ಲ. ನಾ ಹಳೇ ಸೆಲ್ಲು ಹಾಕಿದ್ದೆ. ಸಾಯಲಿಕ್ಕೆ ಬಂದದ ಅಂತ ಹಿಂದಿನ ದಿವಸ ಸಂಜೀಕ ನೋಡಿದ್ದೆ. ಬದಲಿ ಮಾಡಲಿಲ್ಲ."

ಒಂದೇ ಉಸಿರಿಗೆ ಹೇಳಿದ. ಹೇಳಿ ಮುಗಿಸಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ.

ಗೋದೂಬಾಯಿ ಹೊಸೆದ ಬತ್ತಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

"ಅಂದ್ರ ನನ್ನ ಪಾರಣಿ ತಪ್ಪಿತು."

"ಹೌದು."

"ನಿನಗ ಯಾವಾಗ ಗೊತ್ತಾತು?"

ಈ ಪ್ರಶ್ನೆಗೆ ಅವನು ತಯಾರಾಗಿ ಬಂದಿರಲಿಲ್ಲ. "ಅವತ್ತ. ಉಂಡು ಎದ್ದ ಮ್ಯಾಲ."

"ಉಂಡು ಎದ್ದ ಮ್ಯಾಲ," ಎಂದು ಅವಳು ಅದನ್ನೇ ತಿರುಗಿ ಅಂದಳು. "ಮತ್ತ ಸಂಜೀಕ ಮಠದಾಗ ನಾ ಅಷ್ಟ ಮಂದಿ ಮುಂದ ಆ ಹುಡುಗಗ ಬಾಯಿ ಮಾಡಲಿಕತ್ತಾಗ ನೀ ನನ್ನ ಹಿಂದ ನಿಂತಿದ್ದಿ."

"ನಿಂತಿದ್ದೆ."

"ಗೊತ್ತಿತ್ತು ನಿನಗ."

"ಗೊತ್ತಿತ್ತು. ಹೇಳಿದ್ರ ನೀ ನೀರು ಬಿಟ್ಟು ಕೂಡ್ತೀ ಅಂತ..."

"ನನ್ನ ನೀರಿಂದು ನಾ ನೋಡ್ಕೋತೇನಿ," ಎಂದಳು ಗೋದೂಬಾಯಿ. ದನಿ ಏರಲಿಲ್ಲ. "ಪಾರಣಿ ತಪ್ಪಿತು ಅಂದ್ರ ದೇವರಿಗೆ ಕೈ ಮುಗದು ಕೇಳ್ಕೋತೇನಿ, ಅಂವ ತಿಳಕೋತಾನ. ಆ ಹುಡುಗಗ ಅಂದ ಮಾತು ನಾ ಹೆಂಗ ತಿರುಗಿ ತಗೊಳ್ಳಿ? ತಪ್ಪಿಲ್ಲದಾಂವಗ ಬೈಸಿದೆಲ್ಲೋ ನನ್ನ ಕಡಿಂದ. ನಿಂತು ಕೇಳಿದೆಲ್ಲೋ."

ಅವಳು ಗೋಡೆ ಹಿಡಿದು ಎದ್ದಳು. ಶಾಲು ಹೊದ್ದು ಬಾಗಿಲ ಕಡೆ ನಡೆದಳು. ಗುರುರಾಜ ಸ್ಕೂಟಿಯ ಚಾವಿ ತೆಗೆದುಕೊಂಡರೆ ಬೇಡವೆಂದು ಕೈಯಾಡಿಸಿದಳು. ಬಾವು ಬಂದ ಕಾಲು ಎಳೆಯುತ್ತ ಬಿಸಿಲಲ್ಲಿ ಓಣಿಗುಂಟ ನಡೆದಳು. ಅವನು ಹಿಂದೆ ಹಿಂದೆ ನಡೆದ.

ಮಠದಲ್ಲಿ ಅಂದಿನ ಭಜನೆಗೆ ಹೆಂಗಸರು ಆಗಲೇ ಕೂಡಿದ್ದರು. ಗೋದೂಬಾಯಿ ಅವರ ನಡುವೆ ದಾರಿ ಮಾಡಿಕೊಂಡು ಶ್ರೀವಲ್ಲಭನ ಎದುರಿಗೆ ಹೋಗಿ ನಿಂತಳು. ನಿಂತ ಮೇಲೆ ಉಸಿರು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ತಮ್ಮಾ, ಅವತ್ತ ಜಾಗಟಿ ಸರಿ ಇತ್ತು. ಹಿಂದ ಬಿದ್ದದ್ದು ನಮ್ಮ ಮನೀ ಗಡಿಯಾರ. ತಿಳೀದ ಅಂದೆ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ಹೇಳ್ತೇನಿ, ತಪ್ಪು ನಂದು," ಎಂದು ಎರಡೂ ಕೈ ಜೋಡಿಸಿ ಬಗ್ಗಿದಳು.

ಮೊಮ್ಮಗನ ವಯಸ್ಸಿನ ಹುಡುಗನ ಮುಂದೆ ಆ ಬೆನ್ನು ಬಗ್ಗಿದ್ದನ್ನು ಓಣಿ ಕಂಡಿರಲಿಲ್ಲ. ಶ್ರೀವಲ್ಲಭ ದಡಬಡಿಸಿ ಹಿಂದೆ ಸರಿದ. "ಅಯ್ಯೋ, ಬ್ಯಾಡ್ರಿ ಅತ್ಯಾ, ನನಗ ಪಾಪ ಬರ್ತದ್ರಿ," ಎಂದು ತಾನೇ ಅವಳ ಕಾಲ ಹತ್ತಿರ ಕೂತುಬಿಟ್ಟ.

ಕಂಬದ ಹತ್ತಿರ ನಿಂತ ಗುರುರಾಜ ಅತ್ಯಾ ತನ್ನ ಹೆಸರು ಹೇಳುತ್ತಾಳೆಂದು ಕಾಯುತ್ತಿದ್ದ. ಅವಳು ಹೇಳಲಿಲ್ಲ. ತಪ್ಪು ನಂದು ಎಂದ ಮಾತಿಗೆ ಇನ್ನೊಂದು ಸೇರಿಸಲಿಲ್ಲ. ಆಗ ಅವನೇ, ಒಡಕು ದನಿಯಲ್ಲಿ, "ಹಳೇ ಸೆಲ್ಲು ಹಾಕಿದಾಂವ ನಾನ್ರಿ. ಗೊತ್ತಿದ್ದೂ ಸುಮ್ಮನಿದ್ದೆ," ಎಂದ. ಹಿಂದಿನಿಂದ ಯಾರೋ, "ಊರಿಗೆಲ್ಲಾ ಸೆಲ್ಲಿನ ಪಾಠ ಹೇಳೋರ ಮನ್ಯಾಗನ ಹಿಂಗ?" ಎಂದು ನಕ್ಕರು. ಆ ನಗೆ ಅವನಿಗೆ ತಾಗಲಿಲ್ಲ. ಮಾತು ಬರಬೇಕಾದ ಹೊತ್ತಿಗೆ ಬಂದಿದ್ದರೆ ಆ ಬೆನ್ನು ಬಗ್ಗುತ್ತಿರಲಿಲ್ಲ. ಈಗ ಅವನು ಏನು ಹೇಳಿದರೂ ಅದು ಬಗ್ಗಿ ಆಗಿತ್ತು.

ಗೋದೂಬಾಯಿ ಅಂದಿನಿಂದ ಮರುದಿನ ಬೆಳಗಿನ ತನಕ ನೀರು ಮುಟ್ಟಲಿಲ್ಲ. ಅವನು ಗುಳಿಗೆ ಹಿಡಿದು ಬಂದ, ಹಾಲು ಹಿಡಿದು ಬಂದ. ಎರಡಕ್ಕೂ ಅವಳು ತಲೆಯಲ್ಲಾಡಿಸಿದಳು. ತಾನೂ ಉಣ್ಣುವುದಿಲ್ಲ ಎಂದು ಅವನು ಹೊಸ್ತಿಲಲ್ಲಿ ಕೂತ. "ನೀ ಉಪವಾಸ ಮಾಡಿ ನನಗೇನು ಆಗಬೇಕಾಗೇದ? ಎದ್ದು ಉಣ್ಣು," ಎಂದು ಆ ಕಡೆ ಹೊರಳಿದಳು. ಬೈದಿದ್ದರೆ, ಅತ್ತಿದ್ದರೆ ಅವನಿಗೆ ಕಾಲು ಹಿಡಿಯಲು ಒಂದು ದಾರಿ ಇರುತ್ತಿತ್ತು. ಬೆಳಗಾದ ಮೇಲೆ ಗಂಜಿ ಕುಡಿದು, ಎಂದಿನ ಹಾಗೆ ಅವನಿಗೆ ರೊಟ್ಟಿ ಬಡಿದು ಹಾಕಿದಳು. ಎಂದಿನ ಹಾಗೆ ಪಲ್ಯ ಸಾಕೇ ಎಂದು ಕೇಳಿದಳು. ಸಾಕೆಂದ.

ಮುಂದಿನ ಏಕಾದಶಿ ಬಂತು. ಆ ಹೊತ್ತಿಗೆ ಗುರುರಾಜ ಅಡುಗೆಮನೆಯ ಗಡಿಯಾರಕ್ಕೆ ಮತ್ತೊಂದು ಹೊಸ ಸೆಲ್ಲು ಹಾಕಿದ್ದ, ಮೊದಲಿನದು ಇನ್ನೂ ಹೊಸದೇ ಇದ್ದರೂ. ಸಂಜೆಯೊಮ್ಮೆ, ನಸುಕಿನಲ್ಲಿ ಎದ್ದು ಒಮ್ಮೆ, ಮೊಬೈಲಿನ ಜೊತೆ ಹೊತ್ತು ತಾಳೆ ನೋಡಿದ್ದ. ದ್ವಾದಶಿಯ ಬೆಳಗು ಮಿಂದು ಮಡಿಯುಟ್ಟು ಬಂದು ದೇವರ ಮುಂದೆ ಕೂತ. ಒಳಗೆ ಪಾತ್ರೆಯ ಸಪ್ಪಳ ನಡೆದಿತ್ತು. ಸ್ವಲ್ಪ ಹೊತ್ತಿಗೆ ಸಪ್ಪಳ ನಿಂತಿತು. ಗೋದೂಬಾಯಿ ಗಡಿಯಾರದ ಕೆಳಗಿಂದಲೇ ಹಾದು ಹಿತ್ತಲ ಬಾಗಿಲಿಗೆ ಹೋಗಿ, ಕಾಂಪೌಂಡಿನ ಆಚೆ ಎಮ್ಮೆ ಹಿಂಡುತ್ತಿದ್ದ ಇಂದ್ರಾಬಾಯಿಯನ್ನು ಕರೆದಳು.

"ಇಂದ್ರಾ, ಟೈಮೆಷ್ಟಾತವಾ?"

"ಏಳಕ್ಕ ಇನ್ನ ಹತ್ತ ಮಿನಿಟ ಐತ್ರಿ ಅತ್ಯಾ," ಎಂದಳು ಇಂದ್ರಾಬಾಯಿ ಮೊಬೈಲು ನೋಡಿ. "ಯಾಕ್ರಿ, ಸರ್ ಮನ್ಯಾಗಿಲ್ಲೇನ್ರಿ?"

"ಅದಾನವಾ," ಎಂದಳು ಗೋದೂಬಾಯಿ. "ಆಗಾಗ ನೀನ ಹೇಳ್ತಿರು."

ಗುರುರಾಜ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿದ. ಇಂದ್ರಾಬಾಯಿ ಹೇಳಿದ ಹೊತ್ತೂ ಗಡಿಯಾರದ ಹೊತ್ತೂ ಒಂದೇ ಇತ್ತು. ಅದನ್ನು ಹೇಳಲು ಬಾಯಿ ತೆರೆದ. ಅತ್ಯಾ ಅವನ ಪಕ್ಕದಲ್ಲೇ ಹಾದು ಒಲೆಯ ಮುಂದೆ ಹೋಗಿ ಕೂತಳು, ಅವನು ಮತ್ತೆ ದೇವರ ಮುಂದೆ ಹೋಗಿ ಕೂತ.